ಫಲಕದ ಅಂಕಿಯೂ ತಂತಿಯ ವಿದ್ಯುತ್ತೂ

ವಿದ್ಯುಚ್ಛಕ್ತಿಯ ವಿಷಯದಲ್ಲಿ ಮಂಡ್ಯದ ಸೀಮೆಗೆ ಇರುವ ಹಿರಿತನ ಸಣ್ಣದಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು 1902ರ ಜೂನ್ ತಿಂಗಳಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ನಡುವೆ ತಂತಿ ಹಾದುಹೋದ ದೂರ ಸುಮಾರು 147 ಕಿಲೋಮೀಟರು. ಆ ಕಾಲಕ್ಕೆ ಜಗತ್ತಿನಲ್ಲಿಯೇ ಅತಿ ಉದ್ದದ ತಂತಿಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಯೋಜನೆಯ ಬೆನ್ನೆಲುಬಾಗಿದ್ದ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು 1901ರಲ್ಲಿಯೇ ತೀರಿಕೊಂಡಿದ್ದರು. ಅದು ನಡೆದುದನ್ನು ಕಣ್ಣಾರೆ ಕಾಣುವ ಭಾಗ್ಯ ಅವರದಾಗಲಿಲ್ಲ.

ಈ ಕಥೆಯಲ್ಲಿ ತಂತಿಯ ಉದ್ದವನ್ನು ಎಲ್ಲರೂ ಹೇಳುತ್ತಾರೆ. ಗಣಿಯವರಿಗೆ ಮುಖ್ಯವಾಗಿದ್ದುದು ಬೇರೆ. ನೆಲದಾಳದಲ್ಲಿ ಜನ ದುಡಿಯುತ್ತಿರುವಾಗ ವಿದ್ಯುತ್ತು ಈ ಹೊತ್ತು ಉಂಟು, ಆ ಹೊತ್ತು ಇಲ್ಲ ಎಂದರೆ ಆಗುವುದಿಲ್ಲ. ಬೇಸಿಗೆಯಲ್ಲಿಯೋ ಕಾವೇರಿ ಬಡವಾಗುವಳು. ವಿದ್ಯುದಾಗಾರದ ಶಕ್ತಿ ಕಾಗದದ ಮೇಲೆ ಎಷ್ಟಿದ್ದರೇನು, ನೀರಿಲ್ಲದೆ ಚಕ್ರ ತಿರುಗೀತೆ? 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ನಾವು ಕಬ್ಬಿನ ಗದ್ದೆಗಳೊಡನೆ ನೆನೆಯುತ್ತೇವೆ. ಅದು ಸರಿಯೆ. ಆದರೆ ಗಣಿಗಳಿಗೆ ವರ್ಷವೆಲ್ಲ ತಪ್ಪದೆ ವಿದ್ಯುತ್ತು ಒದಗಿಸುವುದೂ ಅದರ ಮೊದಲ ಕಾರಣಗಳಲ್ಲಿ ಒಂದೆಂಬುದು ಮರೆತುಹೋಗಿದೆ. ದೊಡ್ಡ ಗಿರಾಕಿ ಭರವಸೆ ಕೇಳಿದ; ಅವನಿಗಾಗಿ ನದಿಗೇ ಕಟ್ಟೆ ಹಾಕಲಾಯಿತು.

ಇಂದು ಅದೇ ಭರವಸೆಯನ್ನು ಕೇಳುತ್ತಿರುವವನು ಒಂಟಿ ಗಿರಾಕಿ: ವಿದ್ಯುತ್ ಕಾರಿನ ಒಡೆಯ. ಬೆಂಗಳೂರು-ಮೈಸೂರು ನಡುವಿನ ಸುಮಾರು 118 ಕಿಲೋಮೀಟರಿನ ಹೊಸ ಹೆದ್ದಾರಿ 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ರಾಮನಗರ, ಮದ್ದೂರು, ಮಂಡ್ಯಗಳನ್ನು ಹೊರಗಿನಿಂದಲೇ ಸುತ್ತಿ ಸಾಗುವ ಈ ದಾರಿಯಲ್ಲಿ, ಪಟ್ಟಣದೊಳಗಿನ ಚಾರ್ಜಿಂಗ್ ಕೇಂದ್ರ ಬೇಕೆನ್ನುವವನು ಎಲ್ಲಿ ಇಳಿಯಬೇಕೆಂಬುದನ್ನು ಮೊದಲೇ ತಿಳಿದಿರಬೇಕು. ಇಳಿದು ಹೋದ ಮೇಲೆ ಅವನ ಮುಂದೆ ಎರಡು ಪ್ರಶ್ನೆ: ಯಂತ್ರ ನಡೆಯುತ್ತಿದೆಯೆ? ನಡೆಯುತ್ತಿದ್ದರೆ, ಫಲಕದ ಮೇಲೆ ಬರೆದಷ್ಟು ಕೊಡುವುದೆ?

ಮೊದಮೊದಲು ಈ ಪ್ರಶ್ನೆಗಳೇ ಇರಲಿಲ್ಲ. 2001ರಲ್ಲಿ ಬೆಂಗಳೂರಿನಿಂದ ಹೊರಬಂದ, ಚೇತನ್ ಮೈನಿ ಅವರ ‘ರೇವಾ’ ಎಂಬ ಪುಟ್ಟ ಕಾರು ಮನೆಯ 15 ಆಂಪಿಯರ್ ಪ್ಲಗ್ಗಿನಿಂದಲೇ ಹೊಟ್ಟೆ ತುಂಬಿಕೊಳ್ಳುತ್ತಿತ್ತು. ಪೂರ್ತಿ ತುಂಬಲು ಎಂಟು ಗಂಟೆ. ರಾತ್ರಿ ಕಟ್ಟಿ ಬೆಳಿಗ್ಗೆ ಬಿಚ್ಚುವ ಎತ್ತಿನ ಹಾಗೆ. ಬೀದಿಯ ಯಂತ್ರಗಳ ಕಾಲ ಬಂದದ್ದು 2018ರಲ್ಲಿ. ಬೆಸ್ಕಾಂ ಆ ವರ್ಷ ಬೆಂಗಳೂರಿನ ಕೆ.ಆರ್. ವೃತ್ತದ ತನ್ನ ಕಚೇರಿಯಲ್ಲಿ ಕೇಂದ್ರವೊಂದನ್ನು ತೆರೆಯಿತು. ಹೆದ್ದಾರಿಯ ಎರಡು ಬದಿಯಲ್ಲಿಯೂ 25 ಕಿಲೋಮೀಟರಿಗೆ ಒಂದರಂತೆ ಕೇಂದ್ರಗಳಿರಬೇಕೆಂಬ ಕೇಂದ್ರ ಸರ್ಕಾರದ ಮಾರ್ಗಸೂಚಿಯೂ ಅದೇ ಡಿಸೆಂಬರಿನಲ್ಲಿ ಹೊರಟಿತು. ಆಗ ಹಾಕಿದ ಯಂತ್ರಗಳಲ್ಲಿ ‘ಭಾರತ್ ಡಿಸಿ’ ಎಂಬ 15 ಕಿಲೋವಾಟಿನವು ಕಡಮೆ ವೋಲ್ಟೇಜಿನ ಕಾರುಗಳಿಗೆಂದೇ ಮಾಡಿದವು. 2020ರ ವೇಳೆಗೆ ಬಂದ ಹೊಸ ಕಾರುಗಳ ಮೂತಿ ‘ಸಿಸಿಎಸ್-2’ ಎಂಬ ಇನ್ನೊಂದು ಮಾದರಿಯದು. ಯಂತ್ರ ಕೆಟ್ಟಿಲ್ಲ, ವಿದ್ಯುತ್ತೂ ಇದೆ, ಆದರೆ ಕೊಂಡಿ ಕೂಡದು! ಎರಡು ಪಿನ್ನಿನ ಗೋಡೆಗೆ ಮೂರು ಪಿನ್ನಿನ ರೇಡಿಯೋ ತಂದವರಿಗೆ ಈ ಸಂಕಟ ಹೊಸದೇನಲ್ಲ.

ಇನ್ನು ವೇಗದ ಮಾತು. 2020ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಬ್ಯಾಟರಿ 30.2 ಕಿಲೋವಾಟ್ ಗಂಟೆಯದು. ಅದರ ನೂರಕ್ಕೆ 80 ಭಾಗವೆಂದರೆ ಸುಮಾರು 24. ಫಲಕದಲ್ಲಿ 60 ಕಿಲೋವಾಟ್ ಎಂದು ಬರೆದಿದ್ದರೆ, ನಮ್ಮ ಶಾಲೆಯ ಲೆಕ್ಕದ ಪ್ರಕಾರ 24 ನಿಮಿಷ ಸಾಕು. ಕಂಪೆನಿ ಹೇಳಿದ್ದೋ ಒಂದು ಗಂಟೆ. ಇಲ್ಲಿ ಸುಳ್ಳು ಯಾರದೂ ಅಲ್ಲ. ಎಷ್ಟು ಬೇಕೆಂದು ಕೇಳುವುದು ಕಾರು. ಕೊಡುವುದಷ್ಟೇ ಯಂತ್ರದ ಕೆಲಸ. 60 ಎಂಬುದು ಯಂತ್ರದ ಮೇಲಿನ ಮಿತಿ, ಕಾರಿನ ಹಸಿವಲ್ಲ. ಬ್ಯಾಟರಿ ತುಂಬುತ್ತ ಬಂದಂತೆ ಕಾರು ತಾನಾಗಿಯೇ ಕಡಮೆ ಕೇಳುತ್ತದೆ. ಮೂಟೆಗೆ ಭತ್ತ ತುಂಬುವಾಗ ಮೊದಲು ಮೊರದಿಂದ ಸುರಿದು, ಬಾಯಿ ಹತ್ತಿರವಾದಾಗ ಕುಲುಕಿ ಕುಲುಕಿ ಹಿಡಿ ಹಿಡಿಯಾಗಿ ಹಾಕುವುದಿಲ್ಲವೆ, ಹಾಗೆ. ಆದುದರಿಂದಲೇ ಕಂಪೆನಿಗಳು 80ರ ವರೆಗಿನ ಹೊತ್ತನ್ನು ಹೇಳಿ ಅಲ್ಲಿಗೆ ಮಾತು ನಿಲ್ಲಿಸುತ್ತವೆ. ಬ್ಯಾಟರಿ ಬಿಸಿಯೇರಿದರೂ ವೇಗ ಇಳಿಯುತ್ತದೆ. ಒಂದು ಯಂತ್ರಕ್ಕೆ ಎರಡು ಕೊಳವೆಗಳಿದ್ದು ಪಕ್ಕದಲ್ಲಿ ಇನ್ನೊಂದು ಕಾರು ಬಂದು ನಿಂತರೆ, ಎಷ್ಟೋ ಕಡೆ ಶಕ್ತಿ ಇಬ್ಬರಲ್ಲಿ ಹಂಚಿಹೋಗುತ್ತದೆ. ಫಲಕದ ಅಂಕಿ ಮಾತ್ರ ಇದ್ದ ಹಾಗೆಯೇ ಇರುತ್ತದೆ.

ನಿಧಾನವನ್ನಾದರೂ ಸಹಿಸಬಹುದು, ಒಂದು ಗಂಟೆ ಎಂದು ಮೊದಲೇ ಗೊತ್ತಿದ್ದರೆ ತಿಂಡಿ ಕಾಫಿಗೆ ಆ ಹೊತ್ತು ಸಲ್ಲುತ್ತದೆ. ಸಹಿಸಲಾಗದ್ದು ಹೋಗಿ ನಿಂತ ಮೇಲೆ ಯಂತ್ರ ನಡೆಯದಿರುವುದು. ಇದು ನಮ್ಮ ನಾಡಿನ ಪಾಡಷ್ಟೇ ಅಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸೀಮೆಯಲ್ಲಿ 657 ವೇಗದ ಕೊಳವೆಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ವರದಿಯಂತೆ, ಸರಿಯಾಗಿ ನಡೆಯುತ್ತಿದ್ದುವು ನೂರಕ್ಕೆ 72.5 ಮಾತ್ರ. ತೆರೆ ಸತ್ತಿರುವುದು, ಹಣ ಕಟ್ಟುವ ವ್ಯವಸ್ಥೆ ಕೈಕೊಡುವುದು, ಜಾಲದ ಸಂಪರ್ಕ ಕಡಿದಿರುವುದು, ಕೊಳವೆ ಮುರಿದಿರುವುದು ಹೀಗೆ ಕಾರಣಗಳು ಹಲವು. ಕಾವೇರಿ ಬತ್ತಿದರೆ ಕಟ್ಟೆ ಕಟ್ಟಬಹುದು. ಇಷ್ಟು ಸಣ್ಣ ಸಣ್ಣ ಕಾರಣಗಳಿಗೆ ಒಂದೇ ಕಟ್ಟೆ ಎಲ್ಲಿಂದ ತರುವುದು? ಅಮೆರಿಕ ಸರ್ಕಾರ 2023ರಲ್ಲಿ ತನ್ನ ಹಣದಿಂದ ನೆಡುವ ಯಂತ್ರಗಳಿಗೆ ನೂರಕ್ಕೆ 97 ಹೊತ್ತು ನಡೆಯಬೇಕೆಂಬ ನಿಯಮ ಮಾಡಿತು. ಬ್ರಿಟನ್ನಿನಲ್ಲಿ ವೇಗದ ಯಂತ್ರಗಳ ಜಾಲಕ್ಕೆ ನೂರಕ್ಕೆ 99ರ ನಿಯಮ 2024ರ ನವೆಂಬರಿನಿಂದ ಜಾರಿಗೆ ಬಂತು. ಗಣಿಯವರು ಅಂದು ಕೇಳಿದ್ದನ್ನು ಅಲ್ಲಿ ಕಾನೂನೇ ಕಾರಿನವರ ಪರವಾಗಿ ಕೇಳಿದೆ.

ಹೆದ್ದಾರಿಯನ್ನು ಬಿಟ್ಟು ಮಂಡ್ಯ ತಾಲ್ಲೂಕಿನ ದುದ್ದದಂಥ ಹೋಬಳಿ ಊರನ್ನು ನೋಡೋಣ. 60 ಕಿಲೋವಾಟ್ ಎಂದರೆ ಅಲ್ಲಿನ ಭಾಷೆಯಲ್ಲಿ 10 ಅಶ್ವಶಕ್ತಿಯ ಎಂಟು ಪಂಪ್‌ಸೆಟ್ಟುಗಳು ಒಟ್ಟಿಗೆ ನಡೆದಷ್ಟು. ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಾಣುವ ಟ್ರಾನ್ಸ್‌ಫಾರ್ಮರಿನ ಅಳತೆ 63 ಕೆವಿಎ. ಒಂದು ವೇಗದ ಯಂತ್ರ ಅದನ್ನು ಇಡಿಯಾಗಿ ನುಂಗೀತು. ತ್ರೀ ಫೇಸ್ ಬಂತೆಂದು ರೈತರು ಮೋಟಾರು ಹಾಕಿದ ಗಳಿಗೆಯಲ್ಲಿ ವೋಲ್ಟೇಜು ಕುಸಿದರೆ, ಚಾರ್ಜು ಯಂತ್ರ ತನ್ನ ರಕ್ಷಣೆಗಾಗಿ ತಾನೇ ನಿಂತುಬಿಡುತ್ತದೆ. ಇಂಥ ಕಡೆ ವೇಗದ ಯಂತ್ರವನ್ನು ನೆಡುವುದಾದರೆ ಅದಕ್ಕೆಂದೇ ಬೇರೆ ಟ್ರಾನ್ಸ್‌ಫಾರ್ಮರ್ ಬೇಕು, ಕೆಟ್ಟಾಗ ಬಂದು ನೋಡುವ ಆಳೂ ಬೇಕು. ಎರಡನೆಯದೇ ಕಷ್ಟವೆಂದು ನನ್ನ ಎಣಿಕೆ. ಅಲ್ಲಿಯವರೆಗೆ, ಮಂಡ್ಯಕ್ಕೋ ಮೈಸೂರಿಗೋ ಹೋಗಿ ಸಂಜೆಗೆ ಮನೆ ಸೇರುವ ಕಾರಿನವನು ರೇವಾ ಕಾಲದ ಹಾಗೆ ರಾತ್ರಿ ಮನೆಯ ಪ್ಲಗ್ಗಿಗೇ ಕಾರನ್ನು ಕಟ್ಟಿ ಮಲಗುತ್ತಾನೆ.