ಜಾಝ್ ಪಿಯಾನೋ ಪರಂಪರೆಯಲ್ಲಿ ಮೇರಿ ಲೂ ವಿಲಿಯಮ್ಸ್

ಜಾಝ್ ಸಂಗೀತದ ಚರಿತ್ರೆಯನ್ನು ಬರೆದವರು ತುತ್ತೂರಿ, ಸ್ಯಾಕ್ಸೊಫೋನುಗಳ ವಾದಕರನ್ನೇ ಮುಂದಿಟ್ಟುಕೊಂಡಿರುವುದು ಹೆಚ್ಚು. ಅದರಲ್ಲಿ ಸ್ತ್ರೀಯರಿಗೆ ಸಲ್ಲತಕ್ಕ ಸ್ಥಾನವನ್ನು ಅರಸುವವರು ಪಿಯಾನೋದ ಬಳಿಗೇ ಬರಬೇಕಾಗುತ್ತದೆ. ಊದುವ, ಬಡಿಯುವ ವಾದ್ಯಗಳು ಪುರುಷರ ಸ್ವತ್ತೆಂದು ಬಗೆಯಲಾಗಿದ್ದ ಅಂದಿನ ಅಮೆರಿಕದಲ್ಲಿ, ಮನೆಯ ಹಜಾರಕ್ಕೂ ಚರ್ಚಿನ ಪ್ರಾರ್ಥನೆಗೂ ಒಗ್ಗಿದ್ದ ಈ ವಾದ್ಯವು ಹೆಣ್ಣುಮಕ್ಕಳ ಕೈಗೆ ಸುಲಭವಾಗಿ ದೊರೆಯುತ್ತಿತ್ತು. ರಾಗ, ಸ್ವರಮೇಳ, ಲಯ ಈ ಮೂರನ್ನೂ ಎರಡು ಕೈಗಳಲ್ಲೇ ನಿರ್ವಹಿಸುವವರಿಗೆ ಇಡಿಯ ವೃಂದದ ರಚನೆಯೇ ಕರಗತವಾಗುವುದರಿಂದ, ಪಕ್ಕವಾದ್ಯಕ್ಕೆಂದು ಒಳಗೆ ಬಂದ ಸ್ತ್ರೀಯರು ಕ್ರಮೇಣ ಕೃತಿಕರ್ತೃಗಳಾಗಿ ಪರಿಣಮಿಸಿದುದು ಆಶ್ಚರ್ಯವಲ್ಲ.

ಮೆಂಫಿಸ್ ನಗರದಲ್ಲಿ ಜನಿಸಿದ ಲಿಲ್ ಹಾರ್ಡಿನ್, ಕಿಂಗ್ ಆಲಿವರನ ವೃಂದವು 1923ರಲ್ಲಿ ಹೊರತಂದ ಧ್ವನಿಮುದ್ರಿಕೆಗಳಲ್ಲಿ ಪಿಯಾನೋ ನುಡಿಸಿದಳು. ಮರುವರ್ಷ ತನ್ನನ್ನು ವರಿಸಿದ ಲೂಯಿ ಆರ್ಮ್‌ಸ್ಟ್ರಾಂಗನು ಆ ವೃಂದವನ್ನು ತೊರೆದು ಸ್ವತಂತ್ರನಾಗಬೇಕೆಂದು ಒತ್ತಾಯಿಸಿದವಳೂ ಆಕೆಯೇ. ಶಿಕಾಗೋದ ರಂಗಮಂದಿರಗಳ ಸಂಗೀತ ನಿರ್ದೇಶಕಿ ಲವೀ ಆಸ್ಟಿನ್ ಎಡಗೈಯಲ್ಲಿ ನುಡಿಸುತ್ತಲೇ ಬಲಗೈಯಲ್ಲಿ ಮುಂದಿನ ಪ್ರಸಂಗದ ಸಂಗೀತವನ್ನು ಬರೆಯುತ್ತಿದ್ದಳಂತೆ. ಪಿಟ್ಸ್‌ಬರ್ಗಿನಲ್ಲಿ ಈ ಅದ್ಭುತವನ್ನು ಕಂಡು, ತಾನೂ ಹೀಗಾಗಬೇಕೆಂದು ಸಂಕಲ್ಪಿಸಿದ ಬಾಲಿಕೆಯೇ ಮೇರಿ ಲೂ.

1910ರಲ್ಲಿ ಅಟ್ಲಾಂಟಾದಲ್ಲಿ ಹುಟ್ಟಿದ ಆಕೆಗೆ ತಾಯಿಯ ತೊಡೆಯೇ ಪಾಠಶಾಲೆಯಾಯಿತು. ಗುರುಗಳ ಕೈಗೆ ಒಪ್ಪಿಸಿದರೆ ಮಗಳ ಮನೋಧರ್ಮವು ಬತ್ತಿಹೋದೀತೆಂಬ ಶಂಕೆಯಿಂದ ಆ ತಾಯಿ ವಿಧಿವತ್ತಾದ ಶಿಕ್ಷಣವನ್ನು ಕೊಡಿಸಲಿಲ್ಲ. ಸ್ಯಾಕ್ಸೊಫೋನ್ ವಾದಕನಾದ ಪತಿ ಜಾನ್ ವಿಲಿಯಮ್ಸನೊಡನೆ ಆಂಡಿ ಕರ್ಕನ ವೃಂದದ ಸಂಪರ್ಕಕ್ಕೆ ಬಂದಾಗ, ಸ್ವರಲಿಪಿಯನ್ನು ಚೆನ್ನಾಗಿ ಅರಿಯದಿದ್ದ ಆಕೆಯ ಕಲ್ಪನೆಗಳನ್ನು ಮೊದಮೊದಲು ಕರ್ಕನೇ ಬರೆದುಕೊಳ್ಳುತ್ತಿದ್ದನು. ಅಲ್ಪಕಾಲದಲ್ಲಿಯೇ ಲಿಪಿಯನ್ನು ವಶಪಡಿಸಿಕೊಂಡ ಆಕೆ, ಕಾನ್ಸಸ್ ಸಿಟಿಯ ಆ ವೃಂದಕ್ಕೆ ‘ವಾಕಿನ್ ಅಂಡ್ ಸ್ವಿಂಗಿನ್’ ಮೊದಲಾದ ರಚನೆಗಳನ್ನಿತ್ತುದಲ್ಲದೆ, ಬೆನ್ನಿ ಗುಡ್‌ಮನ್ನನಿಗಾಗಿ ‘ರೋಲ್ ಎಮ್’ ಎಂಬ ಕೃತಿಯನ್ನೂ ರಚಿಸಿದಳು. ಡ್ಯೂಕ್ ಎಲಿಂಗ್ಟನ್ನನ ವೃಂದವೂ ಮುಂದೆ ಆಕೆಯ ರಚನೆಗಳನ್ನು ನುಡಿಸಿತು.

1942ರಲ್ಲಿ ಕರ್ಕನ ವೃಂದವನ್ನು ತೊರೆದು ನ್ಯೂಯಾರ್ಕಿನಲ್ಲಿ ನೆಲೆಸಿದ ಬಳಿಕ, ಹಾರ್ಲೆಮ್ಮಿನ ಆಕೆಯ ಮನೆಯು ಹೊಸ ತಲೆಮಾರಿನ ಸಂಗೀತಗಾರರಿಗೆ ಆಶ್ರಯವಾಯಿತು. ಬೀಬಾಪ್ ಎಂಬ ತ್ವರಿತಗತಿಯ, ಕ್ಲಿಷ್ಟ ಸ್ವರಮೇಳದ ಶೈಲಿಯನ್ನು ಹಿರಿಯರನೇಕರು ಹಳಿಯುತ್ತಿದ್ದಾಗ, ಥೆಲೋನಿಯಸ್ ಮಂಕ್, ಬಡ್ ಪೊವೆಲ್ ಮೊದಲಾದವರು ತಮ್ಮ ನೂತನ ಪ್ರಯೋಗಗಳನ್ನು ಪರೀಕ್ಷಿಸುತ್ತಿದ್ದುದು ಇಲ್ಲಿಯೇ. 1945ರಲ್ಲಿ 12 ರಾಶಿಗಳನ್ನು ಆಧರಿಸಿ ಆಕೆ ರಚಿಸಿದ ‘ಝೋಡಿಯಾಕ್ ಸ್ವೀಟ್’ ಜಾಝನ್ನೂ ಯೂರೋಪಿನ ಶಾಸ್ತ್ರೀಯ ವೃಂದಸಂಗೀತವನ್ನೂ ಬೆಸೆಯಿತು.

1954ರಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ ವೇದಿಕೆಯನ್ನು ಥಟ್ಟನೆ ತ್ಯಜಿಸಿದ ಮೇರಿ ಲೂ ಪ್ರಾರ್ಥನೆಯಲ್ಲಿಯೂ ದುಸ್ಥಿತಿಗೆ ಬಿದ್ದ ಸಂಗೀತಗಾರರ ಶುಶ್ರೂಷೆಯಲ್ಲಿಯೂ ಕಾಲ ಕಳೆದು, 1957ರಲ್ಲಿ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದಳು. ಅದೇ ವರ್ಷ ಡಿಝಿ ಗಿಲೆಸ್ಪಿಯ ವೃಂದದೊಡನೆ ನ್ಯೂಪೋರ್ಟ್ ಉತ್ಸವದಲ್ಲಿ ನುಡಿಸಿ ಪುನಃ ಕಲಾಜೀವನವನ್ನು ಪ್ರವೇಶಿಸಿದ ಆಕೆಯ ಭಕ್ತಿಯು ಸಂಗೀತದಲ್ಲಿಯೇ ಸಾಕಾರಗೊಂಡಿತು: ‘ಮೇರಿ ಲೂಸ್ ಮಾಸ್’ 1975ರಲ್ಲಿ ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ಸ್ ಕೆಥೆಡ್ರಲಿನ ಪೂಜೆಯಲ್ಲಿ ಮೊಳಗಿತು. 1977ರಲ್ಲಿ ಸೆಸಿಲ್ ಟೇಲರನಂಥ ಉಗ್ರ ಪ್ರಯೋಗಶೀಲನೊಡನೆ ಕಾರ್ನೆಗಿ ಹಾಲಿನಲ್ಲಿ ಕುಳಿತು ನುಡಿಸಿದ ಆಕೆ, ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಬೋಧಿಸುತ್ತ, 1981ರಲ್ಲಿ ಕಾಲವಶಳಾದಳು.

ಅಷ್ಟರಲ್ಲಿ ಈ ಕ್ಷೇತ್ರವು ವಿಸ್ತಾರಗೊಂಡಿತ್ತು. ಜಪಾನಿನಿಂದ 1956ರಲ್ಲಿ ಬಾಸ್ಟನ್ನಿಗೆ ಬಂದ ತೊಶಿಕೊ ಅಕಿಯೋಶಿ ಸ್ವಂತ ಕೃತಿಗಳಿಗಾಗಿಯೇ ಒಂದು ಬೃಹದ್ವೃಂದವನ್ನು ನಡೆಸಿದಳು. ಇಂಗ್ಲೆಂಡಿನ ಮರಿಯನ್ ಮೆಕ್‌ಪಾರ್ಟ್‌ಲೆಂಡ್ ತನ್ನ ‘ಪಿಯಾನೋ ಜಾಝ್’ ರೇಡಿಯೋ ಮಾಲಿಕೆಗೆ ಪ್ರಥಮ ಅತಿಥಿಯಾಗಿ ಬರಮಾಡಿಕೊಂಡುದು ಮೇರಿ ಲೂವನ್ನೇ. ಬೂಗಿ ವೂಗಿಯಿಂದ ಸ್ವಿಂಗಿಗೆ, ಅಲ್ಲಿಂದ ಬೀಬಾಪಿಗೆ, ಕಡೆಗೆ ದೇವಸಂಗೀತಕ್ಕೆ ಆಕೆಯ ರಚನೆಗಳನ್ನು ಕಾಲಾನುಕ್ರಮದಲ್ಲಿ ಅಭ್ಯಸಿಸಿದವರಿಗೆ ಜಾಝಿನ ಅರ್ಧ ಶತಮಾನವೇ ಪರಿಚಿತವಾಗುವುದು. ವೇದಿಕೆಯ ಮುಂಭಾಗದಲ್ಲಿ ನಿಂತು ನುಡಿಸಿದವರ ಜತೆಗೆ, ಅವರು ನುಡಿಸಬೇಕಾದುದನ್ನು ಬರೆದುಕೊಟ್ಟವರನ್ನೂ ಚರಿತ್ರೆಕಾರರು ಗಣಿಸಿದಲ್ಲಿ, ಮೇರಿ ಲೂವಿನ ಹೆಸರು ಎಲಿಂಗ್ಟನ್ನನ ಪಂಕ್ತಿಯಲ್ಲಿಯೇ ಬರತಕ್ಕದ್ದು.