ಆಟದ ಭ್ರಮೆ ಹರಿದ ಗಳಿಗೆಗಳು
ಬಹು ಆಟಗಾರರ ಆನ್‌ಲೈನ್ ಪಾತ್ರಾಭಿನಯದ ಆಟಗಳ ಒಂದು ಬೇರು 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಶುರುವಾದ ‘ಮಡ್’ ಎಂಬ ಆಟದಲ್ಲಿದೆ. ಬರೀ ಅಕ್ಷರಗಳ ಆ ಲೋಕ ನಿಂತದ್ದೇ ಮಾತಿನ ಮೇಲೆ. ವೇಷ ಮರೆತು ಆಡಿದ ಒಂದು ಮಾತು ಸಾಕಿತ್ತು, ಭ್ರಮೆ ಹರಿಯಲು.

ಮುಂದೆ ಯಂತ್ರದ ತಪ್ಪುಗಳೂ ಸೇರಿಕೊಂಡವು. 1997ರ ಆಗಸ್ಟ್‌ನಲ್ಲಿ, ‘ಅಲ್ಟಿಮಾ ಆನ್‌ಲೈನ್’ ಇನ್ನೂ ಪರೀಕ್ಷೆಯಲ್ಲಿದ್ದಾಗ, ರಾಜ ಲಾರ್ಡ್ ಬ್ರಿಟಿಷ್ ಪ್ರಜೆಗಳೆದುರು ನಿಂತಿದ್ದ. ಆ ವೇಷದಲ್ಲಿದ್ದವರು ಆಟದ ಕರ್ತೃ ರಿಚರ್ಡ್ ಗ್ಯಾರಿಯಟ್. ಸರ್ವರ್ ಕೆಟ್ಟು ಮತ್ತೆ ಎದ್ದಾಗ ರಾಜನಿಗೆ ಸಾವಿಲ್ಲದ ರಕ್ಷೆಯನ್ನು ಮರಳಿ ತೊಡಿಸಿರಲಿಲ್ಲ. ಆಟಗಾರನೊಬ್ಬ ಬೆಂಕಿಯ ಮಂತ್ರ ಹಾಕಿದ. ರಾಜ ಅಲ್ಲೇ ಸತ್ತುಬಿದ್ದ. ಕಥೆ ನಿಜವಾಗಿ ಜೀವ ತಳೆದದ್ದೂ ಆ ಗಳಿಗೆಯಲ್ಲೇ ಎನ್ನಬೇಕು.

ಭ್ರಮೆ ಹರಿಯದಂತೆ ಕಾಯಲು 2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟ ಪಾತ್ರಾಭಿನಯಕ್ಕೆಂದೇ ಬೇರೆ ಸರ್ವರ್‌ಗಳನ್ನಿಟ್ಟು, ಆ ಲೋಕಕ್ಕೆ ಒಗ್ಗದ ಹೆಸರುಗಳನ್ನು ತಡೆಯಿತು. ಊಟಕ್ಕೆ ಎದ್ದು ಹೋಗುವಂಥ ಹೊರಗಿನ ಮಾತನ್ನು ಆಟಗಾರರು ಜೋಡಿ ಕಂಸಗಳೊಳಗೆ ಬರೆಯುವ ರೂಢಿ ಇಟ್ಟುಕೊಂಡರು.