ಅರಿಯುವ ನಾನು, ಬಾಳುವ ನಾನು

ಪಾಶ್ಚಾತ್ಯ ತತ್ತ್ವಶಾಸ್ತ್ರದಲ್ಲಿ ಜ್ಞಾನಮೀಮಾಂಸೆ, ಅಸ್ತಿತ್ವವಾದ ಎಂಬ ಎರಡು ವಿಚಾರಧಾರೆಗಳುಂಟು. ಎರಡೂ ‘ನಾನು’ ಎಂಬಲ್ಲಿಂದಲೇ ಹೊರಡುತ್ತವೆ. ಆದರೆ ಕೇಳುವ ಪ್ರಶ್ನೆಗಳು ಬೇರೆ. ಈ ಭೇದವು ಹೇಗೆ ಮೂಡಿತೆಂಬುದನ್ನು ಇತಿಹಾಸವೇ ತಿಳಿಸುತ್ತದೆ.

1641ರಲ್ಲಿ ಫ್ರಾನ್ಸಿನ ಡೆಕಾರ್ಟ್ ತನ್ನ ತಾತ್ತ್ವಿಕ ಚಿಂತನೆಗಳನ್ನು ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದನು. ಇಂದ್ರಿಯಗಳು ಮೋಸಗೊಳಿಸುತ್ತವೆ, ಎಚ್ಚರವೆಂದುಕೊಂಡದ್ದು ಕನಸಾಗಿರಬಹುದು. ಹೀಗೆ ಎಲ್ಲವನ್ನೂ ಸಂಶಯಿಸಿದ ಆತನಿಗೆ, ಸಂಶಯಿಸುವ ತಾನು ಇರುವುದು ಮಾತ್ರ ನಿಸ್ಸಂಶಯವಾಗಿ ಕಂಡಿತು. ಆ ‘ನಾನು’ ಜ್ಞಾನಕ್ಕೆ ತಳಹದಿಯಾಯಿತು. ಲಾಕ್, ಹ್ಯೂಮರು ಇಂದ್ರಿಯಾನುಭವವನ್ನು ಮುಂದಿಟ್ಟರು. 1781ರಲ್ಲಿ ಜರ್ಮನಿಯ ಕಾಂಟ್, ಇಂದ್ರಿಯಗಳು ಒದಗಿಸಿದ್ದನ್ನು ಬುದ್ಧಿಯು ತನ್ನ ಕಟ್ಟಿನೊಳಗೆ ತಂದಾಗಲೇ ಜ್ಞಾನವೆಂದು ನಿರೂಪಿಸಿದನು. ಇವರೆಲ್ಲರ ಪ್ರಶ್ನೆ ಒಂದೇ: ನಾನು ತಿಳಿದದ್ದು ನಿಜವೆಂಬುದಕ್ಕೆ ಪ್ರಮಾಣವೇನು?

1846ರಲ್ಲಿ ಡೆನ್ಮಾರ್ಕಿನ ಕೀರ್ಕೆಗಾರ್ಡ್ ಒಂದು ವಿನೋದದ ಕಥೆ ಹೇಳಿದನು. ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡವನೊಬ್ಬನು, ತಾನು ಹುಚ್ಚನಲ್ಲವೆಂದು ತೋರಿಸಲು ನಿರ್ವಿವಾದವಾದ ಸತ್ಯವನ್ನೇ ನುಡಿಯಬೇಕೆಂದು ನಿಶ್ಚಯಿಸಿದನು. ದಾರಿಯಲ್ಲಿ ಸಿಕ್ಕ ಚೆಂಡೊಂದನ್ನು ಕೋಟಿನ ಹಿಂಬದಿಯ ಜೇಬಿನಲ್ಲಿಟ್ಟು, ಅದು ಮೈಗೆ ತಾಗಿದಾಗಲೆಲ್ಲ ‘ಭೂಮಿ ದುಂಡಗಿದೆ’ ಎನ್ನತೊಡಗಿದನು. ಮಾತು ಸತ್ಯ, ಹುಚ್ಚು ಮಾತ್ರ ಬಿಡಲಿಲ್ಲ. ಇಲ್ಲಿ ಪ್ರಶ್ನೆಯೇ ಬದಲಾಯಿತು: ತಿಳಿದ ಸತ್ಯಕ್ಕೂ ತಿಳಿದವನ ಬಾಳಿಗೂ ಇರುವ ಸಂಬಂಧವೇನು?

1945ರಲ್ಲಿ ಪ್ಯಾರಿಸ್ಸಿನ ಉಪನ್ಯಾಸವೊಂದರಲ್ಲಿ ಸಾರ್ತ್ರ್ ತನ್ನ ಶಿಷ್ಯನೊಬ್ಬನ ಸಂಕಟವನ್ನು ವಿವರಿಸಿದನು. ಅವನ ಅಣ್ಣ 1940ರ ಜರ್ಮನ್ ದಾಳಿಯಲ್ಲಿ ಮಡಿದಿದ್ದನು. ತಾಯಿಗೆ ಉಳಿದ ಆಸರೆ ಇವನೇ. ಅವಳೊಡನೆ ಇರಬೇಕೋ, ಇಂಗ್ಲೆಂಡಿಗೆ ಹೋಗಿ ಸ್ವತಂತ್ರ ಫ್ರೆಂಚ್ ಸೇನೆಯನ್ನು ಸೇರಬೇಕೋ? ಯಾವ ಶಾಸ್ತ್ರವೂ ಇದನ್ನು ನಿರ್ಣಯಿಸಲಾರದು. ನೀನು ಸ್ವತಂತ್ರ, ನೀನೇ ಆರಿಸಿಕೋ ಎಂಬುದೇ ಗುರುವಿನ ಉತ್ತರವಾಯಿತು.

ಹಾಗೆಂದು ಪ್ರಮಾಣವಿಚಾರವನ್ನು ಶುಷ್ಕವೆಂದು ಕಡೆಗಣಿಸಬಾರದು. ಮಾನವನ ಇರವನ್ನು ಕುರಿತು 1927ರಲ್ಲಿ ಮಹಾಗ್ರಂಥವನ್ನು ಬರೆದ ಹೈಡೆಗರ್, 1933ರಲ್ಲಿ ನಾಜಿ ಪಕ್ಷವನ್ನು ಸೇರಿದನು. ದೃಢಸಂಕಲ್ಪವೊಂದರಿಂದಲೇ ಆಯ್ಕೆ ಸರಿಯಾಗದು. ಸುಳ್ಳನ್ನು ಶ್ರದ್ಧೆಯಿಂದ ಬಾಳಿದರೂ ಅದು ಸುಳ್ಳೇ.

ಅರಿವು ಆಚಾರವಾಗಬೇಕೆಂಬ ಮಾತನ್ನು ಕೇಳುತ್ತ ಬೆಳೆದ ನಮಗೆ ಕೀರ್ಕೆಗಾರ್ಡನ ಪ್ರಶ್ನೆ ಅಪರಿಚಿತವಲ್ಲ. ಆದರೆ ಅವನು ಕ್ರಿಸ್ತಭಕ್ತ, ಸಾರ್ತ್ರ್ ನಿರೀಶ್ವರವಾದಿ. ಅವಸರದಿಂದ ಅವರನ್ನು ನಮ್ಮವರೆನ್ನುವುದು ಬೇಡ. ಅವರಿಂದ ನಾವು ಕಲಿಯಬೇಕಾದುದಿಷ್ಟು: ನಂಬಿದ್ದನ್ನು ಪರೀಕ್ಷಿಸಬೇಕು, ಪರೀಕ್ಷೆಯಲ್ಲಿ ನಿಂತದ್ದನ್ನು ಬಾಳಬೇಕು. ಮೊದಲನೆಯದನ್ನು ಬಿಟ್ಟವನು ಅಂಧನಾಗುವನು. ಎರಡನೆಯದನ್ನು ಬಿಟ್ಟವನು ಚೆಂಡು ತಾಗಿದಾಗಲೆಲ್ಲ ಸತ್ಯವನ್ನು ನುಡಿಯುತ್ತ ತಿರುಗುವನು.